ರಾಯಚೂರು ಸ್ಟುಡಿಯೋ ಸರ್ವರ್: ನಾಲ್ಕರಲ್ಲಿ ಒಂದು ಡಿಸ್ಕ್ ಹೊರಗೆ ಬಿದ್ದಿದೆ, ಹೊಸದು ಹಾಕಿ ರೀಬಿಲ್ಡ್ ಕೊಡಲಾ?

ಸ್ಟುಡಿಯೋ_ರಾಯಚೂರು (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾಮಾ ರಾಯಚೂರಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಮದುವೆ, ಕುಬುಸ, ತೊಟ್ಟಿಲು, ಜಾತ್ರೆ, ಎಲ್ಲದರ ವಿಡಿಯೋ ಒಂದೇ ಸರ್ವರ್‌ನಲ್ಲಿದೆ. ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ ಹಾಕಿ, 4 ಟಿಬಿಯ ನಾಲ್ಕು ಡಿಸ್ಕ್ ಸೇರಿಸಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ, ಈ ಗುಂಪಿಗೇ "ಅರೇ" ಅಂತಾರೆ) ಮಾಡಿದ್ದಾರೆ. ಮಾಡಿಕೊಟ್ಟ ಹುಡುಗ ಈಗ ದುಬೈನಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ.

ಎಡಿಟಿಂಗ್ ನಿಧಾನ ಆಗಿದೆ ಅಂತ ಮಾಮಾ ಕರೆದರು. ಹೋಗಿ ಎಂಡಿಸ್ಟ್ಯಾಟ್ (ಅರೇ ಸ್ಥಿತಿ ತೋರಿಸುವ ಫೈಲ್) ನೋಡಿದರೆ [4/3], ಅಂದರೆ ನಾಲ್ಕರಲ್ಲಿ ಮೂರೇ ಓಡುತ್ತಿವೆ, ಪಕ್ಕದಲ್ಲಿ [ಯುಯು_ಯು]. ಎಸ್‌ಡಿಡಿ (ಡಿಸ್ಕ್‌ಗಳ ಹೆಸರು ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ) ಹೊರಗೆ ಬಿದ್ದಿದೆ. ಲಾಗ್ ಪ್ರಕಾರ ಯುಗಾದಿ ಹೊತ್ತಿಗೇ ಬಿದ್ದಿದೆ. ಅಕ್ಷಯ ತೃತೀಯದ ಮದುವೆಗಳೆಲ್ಲ ಅದರ ನಂತರ ತುಂಬಿದ್ದು.

ಹೊಸ ಡಿಸ್ಕ್ ಮಾಮಾ ಆಗಲೇ ತಂದಿಟ್ಟಿದ್ದಾರೆ. ಇಲ್ಲಿನ ರಿಪೇರಿಯವರೊಬ್ಬರು "ಅರೇ ಡಿಲೀಟ್ ಮಾಡಿ ಅದೇ ಡಿಸ್ಕ್‌ಗಳಿಂದ ಹೊಸದಾಗಿ ಕ್ರಿಯೇಟ್ ಮಾಡೋಣ, ಡೇಟಾ ಎಲ್ಲೂ ಹೋಗಲ್ಲ" ಅಂತಿದ್ದಾರೆ. ಅದು ಸರಿಯಾ? ಅಥವಾ ಹೊಸ ಡಿಸ್ಕ್ ಹಾಕಿ ಆ್ಯಡ್ ಕೊಟ್ಟು ಅದರಲ್ಲಿ ಡೇಟಾ ಮತ್ತೆ ಕಟ್ಟಿಸಿದರೆ (ರೀಬಿಲ್ಡ್) ಸಾಕಾ?

ಕೆಂಪುಧೂಳು

ಬಳ್ಳಾರಿಯಿಂದ. ಎರಡೂ ಬೇಡ. ಮೊದಲು ಆ ರಿಪೇರಿಯವರನ್ನು ಸರ್ವರ್ ಹತ್ತಿರ ಬಿಡಬೇಡಿ.

ಕ್ರಿಯೇಟ್ ಕೊಟ್ಟರೆ ಹಳೆ ಸೂಪರ್‌ಬ್ಲಾಕ್ (ಅರೇ ವಿವರ ಬರೆದಿಟ್ಟ ಜಾಗ) ಅಳಿಸಿ ಹೊಸದು ಬರೆಯುತ್ತೆ. ಡಿಸ್ಕ್‌ಗಳ ಕ್ರಮ, ಚಂಕ್ ಸೈಜ್ (ಒಂದೊಂದು ಡಿಸ್ಕ್‌ಗೆ ಹಂಚುವ ತುಂಡಿನ ಅಳತೆ), ಡೇಟಾ ಶುರುವಾಗುವ ಜಾಗ, ಈ ಮೂರರಲ್ಲಿ ಒಂದು ತಪ್ಪಿದರೂ ಒಳಗಿರುವುದೆಲ್ಲ ಕಸ. ಅರೇ ನಡೆಸುವ ಎಂಡಿಆಡಮ್ ಪ್ರೋಗ್ರಾಂನ ಹಳೆ ಆವೃತ್ತಿಯಲ್ಲಿ ಚಂಕ್ 64 ಕೆಬಿ ಇತ್ತು, ಆಮೇಲೆ 512 ಕೆಬಿ ಆಯಿತು. ನಿಮ್ಮದು ಯಾವುದು ಅಂತ ಆ ಮಹಾಶಯರಿಗೆ ಗೊತ್ತಾ? ಸಾಲದ್ದಕ್ಕೆ ಕ್ರಿಯೇಟ್ ಆದ ತಕ್ಷಣ ಸಿಂಕ್ ಶುರುವಾಗಿ ಪ್ಯಾರಿಟಿ ಮೇಲೆಲ್ಲ ಬರೆಯುತ್ತಾ ಹೋಗುತ್ತೆ. ಎಲ್ಲ ದಾರಿ ಮುಚ್ಚಿದ ಮೇಲೆ, ಡಿಸ್ಕ್‌ಗಳ ನಕಲಿನ ಮೇಲೆ ಮಾಡುವ ಕೆಲಸ ಅದು.

ಇಷ್ಟು ಹಾಕಿ: ನಾಲ್ಕೂ ಡಿಸ್ಕ್‌ಗಳ ಎಂಡಿಆಡಮ್ ಎಕ್ಸಾಮಿನ್, ನಾಲ್ಕರದ್ದೂ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ), ಎಸ್‌ಡಿಡಿ ಬಿದ್ದ ಹೊತ್ತಿನ ಕರ್ನಲ್ ಲಾಗ್. ನೋಡಿದ ಮೇಲೆ ಮಾತಾಡೋಣ.

ಒಗ್ಗರಣೆ_ಮಿರ್ಚಿ

ರೇಡ್ ಬ್ಯಾಕಪ್ ಅಲ್ಲ ಅಂತ ಯಾರೂ ಇನ್ನೂ ಹೇಳಿಲ್ಲ. ಆಶ್ಚರ್ಯ.

ಸೋನಾಮಸೂರಿ

ರೇಡ್ ಬ್ಯಾಕಪ್ ಅಲ್ಲ.

ಒಗ್ಗರಣೆ_ಮಿರ್ಚಿ

ಬಂತು ನೋಡಿ. ಗಂಗಾವತಿಯಿಂದಲೇ ಬಂತು.

ಹತ್ತಿ_ಮಾರ್ಕೆಟ್

ಬಿದ್ದ ಡಿಸ್ಕನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಮತ್ತೆ ಓಡುತ್ತೆ ಅಂತ ಕೇಳಿದ್ದೇನೆ. ನಮ್ಮ ಅಂಗಡಿ ಪಕ್ಕದವರು ಮಾಡಿದ್ದರು.

ಲಿಂಗಸುಗೂರಿನವಳು

ಅಣ್ಣಾ, ದಯವಿಟ್ಟು ಬೇಡ. ಫ್ರೀಜರ್‌ನಿಂದ ತೆಗೆದ ಡಿಸ್ಕ್ ರಾಯಚೂರಿನ ಮೇ ತಿಂಗಳ ಗಾಳಿಗೆ ಬಂದರೆ ಒಳಗೆ ನೀರಿನ ಪಸೆ ಕೂರುತ್ತೆ. ಹೆಡ್ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓಡುತ್ತೆ. ಅಲ್ಲಿ ಪಸೆ ಬಂದರೆ ಮುಗಿಯಿತು. ನಾನು ಬೆಂಗಳೂರಿನಲ್ಲಿ ಡೇಟಾ ರಿಕವರಿ ಕೆಲಸದಲ್ಲೇ ಇದ್ದೇನೆ. ಫ್ರೀಜರ್ ಕಂಡ ಡಿಸ್ಕ್ ನಮ್ಮ ಟೇಬಲ್‌ಗೆ ಬಂದರೆ ಕೆಲಸ ಡಬಲ್.

ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸಣೆ) ಕೂಡ ಸದ್ಯಕ್ಕೆ ಓಡಿಸಬೇಡಿ. ಅದು ಸುಮ್ನೆ ನೋಡಿ ಬರಲ್ಲ, ತಪ್ಪು ಅನಿಸಿದ್ದನ್ನೆಲ್ಲ ತಿದ್ದಿ ಬರೆಯುತ್ತೆ. ಕೆಳಗಿನ ಅರೇ ಸರಿ ಇಲ್ಲದಾಗ ಮೇಲಿನ ಫೈಲ್ ಸಿಸ್ಟಮ್ ತಿದ್ದುವುದು ಅಪಾಯ.

ಸ್ಟುಡಿಯೋ_ರಾಯಚೂರು

ಅಕ್ಕ, ಅಣ್ಣ, ಇಲ್ಲಿದೆ ನೋಡಿ.

ಈವೆಂಟ್ ಸಂಖ್ಯೆ (ಅರೇ ಬದಲಾದಂತೆ ಏರುವ ಲೆಕ್ಕ): ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಇ ಮೂರರಲ್ಲೂ 41208. ಎಸ್‌ಡಿಡಿಯಲ್ಲಿ 39876. ಬಿಟ್‌ಮ್ಯಾಪ್ ಎದುರು "ಇಂಟರ್ನಲ್" ಅಂತಿದೆ.

ಸ್ಮಾರ್ಟ್: ಎಸ್‌ಡಿಡಿಯಲ್ಲಿ 5ನೇ ಸಾಲು 0, 197ನೇ ಸಾಲು 0, 199ನೇ ಸಾಲು 2317. ಎಸ್‌ಡಿಸಿ, ಎಸ್‌ಡಿಇ ಎಲ್ಲ ಸೊನ್ನೆ. ಎಸ್‌ಡಿಬಿಯಲ್ಲಿ 5ನೇ ಸಾಲು 16, 197ನೇ ಸಾಲು 48.

ಉಷ್ಣತೆ ನಾಲ್ಕರದ್ದೂ 54ರಿಂದ 57. ಲಾಗ್‌ನಲ್ಲಿ ಎಸ್‌ಡಿಡಿ ಬಿದ್ದ ಹೊತ್ತಿಗೆ "ಹಾರ್ಡ್ ರೀಸೆಟ್ಟಿಂಗ್ ಲಿಂಕ್" ಅಂತ ಮೇಲಿಂದ ಮೇಲೆ ಬಂದಿದೆ.

ಕೆಂಪುಧೂಳು

ನೋಡಿದಿರಾ? ಇದಕ್ಕೇ ಕೇಳಿದ್ದು. ಹೊರಗೆ ಬಿದ್ದ ಡಿಸ್ಕ್ ಆರೋಗ್ಯವಾಗಿದೆ. ಒಳಗೆ ಕೂತಿರುವ ಎಸ್‌ಡಿಬಿಗೆ ರೋಗ.

199 ಅಂದರೆ ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಕೆಟ್ಟು ಬಂದ ಲೆಕ್ಕ. ಹತ್ತರಲ್ಲಿ ಒಂಬತ್ತು ಸಲ ಸಾಟಾ ಕೇಬಲ್, ಇಲ್ಲವಾದರೆ ಸಡಿಲ ಕನೆಕ್ಟರ್. ತಟ್ಟೆ ಹಾಳಾಗಿದ್ದರೆ 5 (ಕೆಟ್ಟು ಬದಲಿಸಿದ ಸೆಕ್ಟರ್), 197 (ಓದಲಾಗದೆ ಕಾಯುವ ಸೆಕ್ಟರ್) ಏರಬೇಕಿತ್ತು. ಎಸ್‌ಡಿಬಿಯಲ್ಲಿ ಅದೇ ಏರಿದೆ. 48 ಸೆಕ್ಟರ್ ಓದಲಾಗದೆ ಕಾಯುತ್ತಿವೆ.

ನೀವು ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಕೊಟ್ಟಿದ್ದರೆ ಉಳಿದ ಮೂರನ್ನೂ ಮೊದಲಿಂದ ಕೊನೆವರೆಗೆ ಓದುತ್ತಿತ್ತು. ಎಸ್‌ಡಿಬಿಯ ಆ 48ರಲ್ಲಿ ಒಂದಕ್ಕೆ ಬಂದು ಮುಗ್ಗರಿಸುತ್ತಿತ್ತು. ಬದಲಿಗೆ ಲೆಕ್ಕ ಹಾಕಲು ನಾಲ್ಕನೆಯದು ಇಲ್ಲ. ಎಸ್‌ಡಿಬಿಯನ್ನೂ ಹೊರಗೆ ತಳ್ಳಿದರೆ ಅರೇ ಅಲ್ಲಿಗೇ ನಿಂತಿತು.

ಹತ್ತಿ_ಮಾರ್ಕೆಟ್

ಈ ಪ್ಯಾರಿಟಿ, ಲೆಕ್ಕ, ಇವೆಲ್ಲ ನಮ್ಮಂಥವರಿಗೆ ಅರ್ಥ ಆಗೋ ಹಾಗೆ ಯಾರಾದರೂ ಹೇಳ್ರೀ. ನಮ್ಮ ಕಮಿಷನ್ ಅಂಗಡಿಯಲ್ಲೂ ಇಂಥದ್ದೇ ಒಂದು ಡಬ್ಬಿ ಇದೆ.

ಕೊಪ್ಪಳದ_ಮೇಷ್ಟ್ರು

ಮೂರು ಚೀಲದ ತೂಕ 51, 49, 50 ಅಂತ ಇಟ್ಟುಕೊಳ್ಳಿ. ಒಟ್ಟು 150 ಅಂತ ನಾಲ್ಕನೇ ಚೀಟಿಯಲ್ಲಿ ಬರೆದಿಟ್ಟಿದ್ದೀರಿ. ಒಂದು ಚೀಟಿ ಕಳೆದರೆ ಉಳಿದ ಮೂರರಿಂದ ಅದನ್ನು ಕಂಡುಹಿಡಿಯಬಹುದು. ಎರಡು ಕಳೆದರೆ ಆಗಲ್ಲ. ಡಿಸ್ಕ್‌ನಲ್ಲಿ ಕೂಡುವ ಬದಲು ಎಕ್ಸ್‌ಆರ್ ಅನ್ನುವ ಲೆಕ್ಕ ಮಾಡುತ್ತಾರೆ, ಅಷ್ಟೇ. ಒಟ್ಟಿನ ಚೀಟಿ ಒಂದೇ ಡಿಸ್ಕ್‌ನಲ್ಲಿ ಇರಲ್ಲ, ನಾಲ್ಕರಲ್ಲೂ ಸರದಿ ಪ್ರಕಾರ ಹಂಚಿರುತ್ತೆ. ರೇಡ್ 6ರಲ್ಲಿ ಬೇರೆ ಬೇರೆ ಲೆಕ್ಕದ ಎರಡು ಚೀಟಿ ಇರುತ್ತವೆ, ಎರಡು ಕಳೆದರೂ ನಡೆಯುತ್ತೆ.

ಇನ್ನೊಂದು. ತಂದಿಟ್ಟ ಹೊಸ ಡಿಸ್ಕ್ ಮಾಡೆಲ್ ನಂಬರ್ ಏನು? ಎಸ್‌ಎಂಆರ್ ಆಗಿದ್ದರೆ ಈ ಕೆಲಸಕ್ಕೆ ಬೇಡ. ಅದರಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದ್ದು ಕೂತಿರುತ್ತವೆ. ಒಂದನ್ನು ತಿದ್ದಿದರೆ ಪಕ್ಕದ್ದನ್ನೂ ಬರೆಯಬೇಕು. ಉದ್ದಕ್ಕೆ ಬರೆಯುತ್ತಾ ಹೋದರೆ ವೇಗ ಕುಸಿದು, ಕೊನೆಗೆ ಅರೇ ಅದನ್ನೂ ಸತ್ತಿತು ಅಂತ ಹೊರಗೆ ಹಾಕುವುದುಂಟು. 2020ರಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತು. ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಸ್ಟೋರೇಜ್ ಡಬ್ಬಿ) ಅಂತ ಮಾರುತ್ತಿದ್ದ ರೆಡ್ ಸಾಲಿನ ಕೆಲವು ಮಾಡೆಲ್ ಎಸ್‌ಎಂಆರ್ ಅಂತ ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡಿತು. ಆಮೇಲೆ ಟ್ರ್ಯಾಕ್ ಹೊದೆಯದ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು.

ಸ್ಟುಡಿಯೋ_ರಾಯಚೂರು

ಸರ್, ತಯಾರಕರ ಪಟ್ಟಿಯಲ್ಲಿ ನೋಡಿದೆ. ಡೆಸ್ಕ್‌ಟಾಪ್ ಡಿಸ್ಕ್, ಎಸ್‌ಎಂಆರ್ ಅಂತಲೇ ಇದೆ. ಅಂಗಡಿಯವರು ವಾಪಸ್ ತಗೊಳಲ್ಲ ಅಂತಾರೆ. ಮಾಮಾ ನನ್ನ ಮುಖ ನೋಡುತ್ತಿದ್ದಾರೆ.

ಸೋನಾಮಸೂರಿ

ಅದು ಆಮೇಲಿನ ಮಾತು. ಈಗ ಡೇಟಾ ಹೊರಗೆ ತೆಗೆಯಿರಿ. ಎಷ್ಟಿದೆ?

ಸ್ಟುಡಿಯೋ_ರಾಯಚೂರು

ಒಟ್ಟು ಸುಮಾರು 7 ಟಿಬಿ.

ಸೋನಾಮಸೂರಿ

8 ಟಿಬಿ ಯುಎಸ್‌ಬಿ ಡಿಸ್ಕ್ ತನ್ನಿ. ಸೆಕೆಂಡಿಗೆ 100 ಎಂಬಿ ಸಿಕ್ಕರೆ ಹತ್ತಿರ ಹತ್ತಿರ 20 ಗಂಟೆ. ರೀಡ್ ಓನ್ಲಿ ಆಗಿ ಮೌಂಟ್ ಮಾಡಿ, ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಪ್ರೋಗ್ರಾಂ) ಕೊಡಿ. ಎಡಿಟರ್‌ಗಳಿಗೆ ರಜೆ ಕೊಡಿ. ಒಂದೇ ಒಂದು ಫೈಲ್ ಕೂಡ ಆ ಅರೇಗೆ ಬರೆಯಬಾರದು.

ಕೆಂಪುಧೂಳು

ಪೂರ್ತಿ 7 ಟಿಬಿ ಈಗ ಓದಿಸುವುದು ನನಗೆ ಸರಿ ಕಾಣಲ್ಲ. ಅಷ್ಟು ಓದುವಾಗ ಎಸ್‌ಡಿಬಿಯ ಕೆಟ್ಟ ಸೆಕ್ಟರ್ ಸಿಕ್ಕೇ ಸಿಗುತ್ತೆ. ಅಲ್ಲಿ ಬಿಟ್‌ಮ್ಯಾಪ್ ಇದೆ ಕಣ್ರೀ, ಬದಲಾದ ಜಾಗದ ಗುರುತಿನ ಪಟ್ಟಿ. ಎಸ್‌ಡಿಡಿ ಕೇಬಲ್ ಬದಲಿಸಿ ರೀ-ಆ್ಯಡ್ ಕೊಟ್ಟರೆ ಅದು ಬಿದ್ದ ನಂತರ ಬದಲಾದ ಜಾಗ ಮಾತ್ರ ಸಿಂಕ್ ಆಗುತ್ತೆ, ಪೂರ್ತಿ 4 ಟಿಬಿ ಅಲ್ಲ. ಕೆಲಸ ಬೇಗ ಮುಗಿಯುತ್ತೆ. ಮುಗಿದ ಮೇಲೆ ನಾಲ್ಕೂ ಡಿಸ್ಕ್ ಒಳಗೆ. ಆಗ ಎಸ್‌ಡಿಬಿಯ ಸೆಕ್ಟರ್ ಓದಲಾಗದಿದ್ದರೂ ಪ್ಯಾರಿಟಿಯಿಂದ ಸಿಗುತ್ತೆ.

ಸೋನಾಮಸೂರಿ

ಕೇಬಲ್ ಬದಲಿಸಲು ಸರ್ವರ್ ಆಫ್ ಮಾಡಬೇಕು. ಆಫ್ ಆದ ಎಸ್‌ಡಿಬಿ ಮತ್ತೆ ಎದ್ದೇಳದಿದ್ದರೆ? ನಮ್ಮ ರೈಸ್ ಮಿಲ್‌ನಲ್ಲಿ ಆದದ್ದು ಅದೇ. ಓಡುತ್ತಿದ್ದ ಡಿಸ್ಕ್, ಒಮ್ಮೆ ನಿಲ್ಲಿಸಿದೆವು, ಟಕ್ ಟಕ್ ಅಂತ ಶಬ್ದ ಮಾಡಿ ಮಲಗಿತು. ಲಾರಿಗಳ ತೂಕದ ಚೀಟಿ ಎಲ್ಲ ಕೈಯಲ್ಲಿ ಬರೆದೆವು. ಓಡುತ್ತಿರುವಾಗಲೇ ತೆಗೆಯಬೇಕು.

ಕೆಂಪುಧೂಳು

ನಿಮ್ಮ ಮಿಲ್‌ನಲ್ಲಿದ್ದದ್ದು ಕಾರ್ಡ್ ರೇಡ್, ಲಿನಕ್ಸ್ ಬದಲು ಒಂದು ಕಾರ್ಡ್ ಅರೇ ನಡೆಸುವುದು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿತ್ತು ಅಂತ ಹಿಂದೊಮ್ಮೆ ನೀವೇ ಬರೆದಿದ್ದಿರಿ. ಅದನ್ನು ಇದಕ್ಕೆ ತಂದು ಹಚ್ಚಬೇಡಿ.

ಸೋನಾಮಸೂರಿ

ಮಲಗಿದ್ದು ಕಾರ್ಡ್ ಅಲ್ಲ ಸ್ವಾಮಿ, ಡಿಸ್ಕ್.

ಲಿಂಗಸುಗೂರಿನವಳು

ಇಬ್ಬರೂ ಹೇಳುವುದರಲ್ಲಿ ಅರ್ಧರ್ಧ ಸರಿ ಇದೆ. ತಮ್ಮಾ, ನಾನಾದರೆ ಹೀಗೆ ಮಾಡುತ್ತೇನೆ.

ಯುಗಾದಿ ನಂತರದ ಮದುವೆಗಳು ಎಸ್‌ಡಿಡಿಯಲ್ಲಿ ಇಲ್ಲ. ಆ ಮೂರು ಡಿಸ್ಕ್ ಬಿಟ್ಟರೆ ಅವಕ್ಕೆ ಬೇರೆ ಗತಿ ಇಲ್ಲ. ಕ್ಯಾಮೆರಾ ಕಾರ್ಡ್‌ಗಳನ್ನು ಆಗಲೇ ಫಾರ್ಮ್ಯಾಟ್ ಮಾಡಿರುತ್ತೀರಿ. ಮೊದಲು ಅವನ್ನಷ್ಟೇ ಕಾಪಿ ಮಾಡಿ. ಹಳೆ ಮದುವೆಗಳಲ್ಲಿ ಎಷ್ಟೋ ಮನೆಯವರ ಪೆನ್‌ಡ್ರೈವ್‌ನಲ್ಲಿ ಇದ್ದೇ ಇರುತ್ತವೆ, ಅವು ಕಾಯಲಿ. ಹೊಸವು ತಪ್ಪಿಲ್ಲದೆ ಬಂದರೆ ಅದು ರೀ-ಆ್ಯಡ್‌ಗೂ ಒಳ್ಳೆ ಸೂಚನೆ. ಯಾಕೆಂದರೆ ರೀ-ಆ್ಯಡ್ ಓದುವುದು ಹೆಚ್ಚುಕಡಿಮೆ ಅದೇ ಜಾಗ.

ಕಾಪಿ ಮಧ್ಯೆ ಎಸ್‌ಡಿಬಿ ತಪ್ಪು ತೋರಿಸಿದರೆ ಅಲ್ಲೇ ನಿಲ್ಲಿಸಿ. ಅರೇ ಆಫ್ ಮಾಡಿ, ಎಸ್‌ಡಿಬಿಯನ್ನು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂನಿಂದ ಅಷ್ಟೇ ದೊಡ್ಡ ಇನ್ನೊಂದು ಡಿಸ್ಕ್‌ಗೆ ನಕಲು ತೆಗೆಯಿರಿ. ಅದು ಮೊದಲು ಸಲೀಸಾಗಿ ಬರುವುದನ್ನೆಲ್ಲ ಓದುತ್ತೆ, ಕೆಟ್ಟ ಜಾಗ ಕೊನೆಗೆ ಇಟ್ಟುಕೊಳ್ಳುತ್ತೆ. ಎಲ್ಲಿವರೆಗೆ ಆಯಿತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ. ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ನಕಲನ್ನು ಎಸ್‌ಡಿಬಿ ಜಾಗದಲ್ಲಿಟ್ಟು ಅರೇ ಎಬ್ಬಿಸಿ, ಮೂಲವನ್ನು ಹೊರಗಿಡಿ.

57 ಡಿಗ್ರಿ ಬೇಡ. ಕ್ಯಾಬಿನೆಟ್ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಡಿ.

ಪೆಂಡಾಲ್_ಸಿಂಧನೂರು

ಕರೆಂಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮಳೆಗಾಳಿ ಶುರುವಾಗಿದೆ, ಸಂಜೆ ಹೊತ್ತು ನಂಬಬೇಡಿ. ಜನರೇಟರ್ ಬೇಕಾದರೆ ಹೇಳಿ, ಶಾಮಿಯಾನ ಇಲ್ಲದೆಯೂ ಕೊಡುತ್ತೇವೆ.

ಕೆಂಪುಧೂಳು

ನಗಬೇಡಿ, ಅವರು ಹೇಳಿದ್ದು ಸರಿ. ಡಿಗ್ರೇಡೆಡ್ (ಒಂದು ಡಿಸ್ಕ್ ಕಡಿಮೆ) ಇರುವಾಗ ಬರೆಯುತ್ತಾ ಕರೆಂಟ್ ಹೋದರೆ ಡೇಟಾಕ್ಕೂ ಪ್ಯಾರಿಟಿಗೂ ತಾಳೆ ತಪ್ಪುತ್ತೆ. ಮುಂದಿನ ಸಲ ಆನ್ ಮಾಡಿದಾಗ "ಡರ್ಟಿ ಡಿಗ್ರೇಡೆಡ್" ಅಂತ ಕರ್ನಲ್ ಅರೇಯನ್ನು ಎಬ್ಬಿಸುವುದೇ ಇಲ್ಲ. ಬಲವಂತ ಮಾಡಿ ಎಬ್ಬಿಸಬಹುದು, ಆದರೆ ಯಾವ ಫೈಲ್ ಕೆಟ್ಟಿದೆ ಅಂತ ಹೇಳುವವರು ಯಾರು? ರೀಡ್ ಓನ್ಲಿ ಅಂದದ್ದು ಇದಕ್ಕೂ ಸೇರಿ.

ಮನೆ ಇನ್ವರ್ಟರ್‌ಗೆ ಸಿಕ್ಕಿಸಬೇಡಿ. ಕೆಲವು ಇನ್ವರ್ಟರ್ ಬದಲಾಗಲು ತಗೊಳ್ಳುವ ಆ ಕ್ಷಣದಲ್ಲೇ ಸರ್ವರ್ ರೀಸ್ಟಾರ್ಟ್ ಆಗುತ್ತೆ. ಯುಪಿಎಸ್ ಬೇಕು.

ಕೊಪ್ಪಳದ_ಮೇಷ್ಟ್ರು

ಇದೇ ಕಾರಣಕ್ಕೆ ನಾನು ಮನೆಯಲ್ಲಿ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್‌ಗೆ ಹೋದೆ. ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇರುತ್ತೆ. ಯಾವ ಫೈಲ್ ಕೆಟ್ಟಿದೆ ಅಂತ ಹೆಸರು ಹಿಡಿದು ಹೇಳುತ್ತೆ. ಡಿಸ್ಕ್ ಬದಲಿಸಿದರೆ ತುಂಬಿದ ಜಾಗ ಮಾತ್ರ ಕಟ್ಟುತ್ತೆ, ಖಾಲಿ ಜಾಗಕ್ಕೆ ಹೋಗಲ್ಲ.

ಒಗ್ಗರಣೆ_ಮಿರ್ಚಿ

ಮನೆಗೆ ಬೆಂಕಿ ಬಿದ್ದಿದೆ, ಮೇಷ್ಟ್ರು ಹೊಸ ಸೈಟ್ ತೋರಿಸುತ್ತಿದ್ದಾರೆ.

ಹತ್ತಿ_ಮಾರ್ಕೆಟ್

ನಮ್ಮದು ರೆಡಿಮೇಡ್ ನ್ಯಾಸ್ ಡಬ್ಬಿ, ಸಿನಾಲಜಿ. ಅದಕ್ಕೂ ಇದೇ ಕಥೆನಾ?

ಕೆಂಪುಧೂಳು

ಒಳಗೆ ಓಡುವುದು ಲಿನಕ್ಸ್‌ನ ಇದೇ ಎಂಡಿ ರೇಡ್. ಡಬ್ಬಿಯ ಬೋರ್ಡ್ ಸತ್ತರೆ ಡಿಸ್ಕ್‌ಗಳನ್ನು ಲಿನಕ್ಸ್ ಪಿಸಿಗೆ ಹಾಕಿ ಎಬ್ಬಿಸಬಹುದು. ಡಿಸ್ಕ್‌ಗಳ ಮೇಲೆ 1, 2, 3 ಅಂತ ಮಾರ್ಕರ್‌ನಲ್ಲಿ ಬರೆದಿಡಿ.

ಸ್ಟುಡಿಯೋ_ರಾಯಚೂರು (ಮಂಗಳವಾರ ರಾತ್ರಿ)

ಅಕ್ಕ ಹೇಳಿದ ಹಾಗೇ ಮಾಡಿದೆ. ಹೊಸ ಮದುವೆಗಳು ಪೂರ್ತಿ ಬಂದವು, ಒಂದೂ ತಪ್ಪು ಬರಲಿಲ್ಲ. ಫ್ಯಾನ್ ಇಟ್ಟ ಮೇಲೆ ಡಿಸ್ಕ್‌ಗಳು 46ಕ್ಕೆ ಇಳಿದವು.

ಆಮೇಲೆ ಆಫ್ ಮಾಡಿ ಎಸ್‌ಡಿಡಿ ಕೇಬಲ್ ಬದಲಿಸಿದೆ. ಹಳೆ ಕೇಬಲ್‌ನ ಕ್ಲಿಪ್ಪೇ ಮುರಿದಿತ್ತು. ಆನ್ ಮಾಡಿದೆ, ನಾಲ್ಕೂ ಎದ್ದವು. ಎಸ್‌ಡಿಡಿಯನ್ನು ರೀ-ಆ್ಯಡ್ ಕೊಟ್ಟೆ. ಊಟ ಮಾಡಿ ಬರುವಷ್ಟರಲ್ಲಿ [4/4]. ಇಷ್ಟು ಬೇಗ ಅಂತ ನಂಬಿಕೆ ಬರುತ್ತಿಲ್ಲ. 199 ಈಗಲೂ 2317 ಅಂತಲೇ ತೋರಿಸುತ್ತಿದೆ, ಅದು ಸೊನ್ನೆ ಆಗಲ್ವಾ?

ಲಿಂಗಸುಗೂರಿನವಳು

ಆಗಲ್ಲ, ಅದು ಹುಟ್ಟಿದಾಗಿನಿಂದ ಕೂಡುತ್ತಾ ಬರುವ ಲೆಕ್ಕ. ಏರದೆ ನಿಂತಿದ್ದರೆ ಕೇಬಲ್ ವಿಷಯ ಮುಗಿಯಿತು.

ಈಗ ಎಸ್‌ಡಿಬಿಗೆ ಬನ್ನಿ. ಅದನ್ನು ಕಿತ್ತು ಹೊಸದು ಹಾಕಬೇಡಿ. ಒಳ್ಳೆ ಸಿಎಂಆರ್ ಡಿಸ್ಕ್ ಒಂದನ್ನು ಖಾಲಿ ಪೋರ್ಟ್‌ಗೆ ಹಾಕಿ, ಸ್ಪೇರ್ ಆಗಿ ಸೇರಿಸಿ, "ರೀಪ್ಲೇಸ್" ಕಮಾಂಡ್ ಕೊಡಿ. ಆಗ ಎಸ್‌ಡಿಬಿ ಒಳಗಿದ್ದುಕೊಂಡೇ ಹೊಸದಕ್ಕೆ ಕಾಪಿ ಆಗುತ್ತೆ. ಓದಲಾಗದ ಸೆಕ್ಟರ್ ಬಂದಾಗ ಮಾತ್ರ ಉಳಿದ ಮೂರರಿಂದ ಲೆಕ್ಕ ಹಾಕಿ ತುಂಬುತ್ತೆ. ಮುಗಿದ ಮೇಲೆ ಎಸ್‌ಡಿಬಿ ತಾನೇ ಹೊರಗೆ ಹೋಗುತ್ತೆ. ಈ ನಡುವೆ ಒಂದು ಕ್ಷಣವೂ ಅರೇ ಡಿಗ್ರೇಡೆಡ್ ಆಗಲ್ಲ. ಈ ಕಮಾಂಡ್ ಇದ್ದೂ ಜನ ಮೊದಲು ಹಳೆ ಡಿಸ್ಕ್ ಕಿತ್ತು ಕೂರುತ್ತಾರೆ, ಅದೇ ಬೇಜಾರು.

ಸೋನಾಮಸೂರಿ

ಅದಕ್ಕೂ ಮೊದಲು ಉಳಿದ ಹಳೆ ಮದುವೆಗಳನ್ನು ಕಾಪಿ ತೆಗೆಯಿರಿ. ಈ ಮಾತು ನಾನು ಬಿಡಲ್ಲ.

ಕೆಂಪುಧೂಳು

ಇದಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ.

ಇನ್ನೊಂದು ಕೆಲಸ ಮಾಡಿ. ಡೆಸ್ಕ್‌ಟಾಪ್ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಸಿಕ್ಕಾಗ ನಿಮಿಷಗಟ್ಟಲೆ ಒಳಗೇ ಒದ್ದಾಡುತ್ತವೆ. ಲಿನಕ್ಸ್ 30 ಸೆಕೆಂಡ್ ಕಾಯುತ್ತೆ, ಆಮೇಲೆ ಡಿಸ್ಕ್ ಸತ್ತಿತು ಅಂತ ತಿಳಿಯುತ್ತೆ. ಬರೀ ಒಂದು ಸೆಕ್ಟರ್‌ಗಾಗಿ ಇಡೀ ಡಿಸ್ಕ್ ಹೊರಗೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿಇಆರ್‌ಸಿ 70,70 ಕೊಟ್ಟು ನೋಡಿ. ಒಪ್ಪಿಕೊಂಡರೆ ಡಿಸ್ಕ್ 7 ಸೆಕೆಂಡಿಗೇ ಕೈಬಿಡುತ್ತೆ, ಅರೇ ಪ್ಯಾರಿಟಿಯಿಂದ ತಿದ್ದಿಕೊಳ್ಳುತ್ತೆ. ಒಪ್ಪದಿದ್ದರೆ ಲಿನಕ್ಸ್‌ನ ಟೈಮ್‌ಔಟನ್ನು 180ಕ್ಕೆ ಏರಿಸಿ. ಎರಡೂ ರೀಬೂಟ್ ಆದರೆ ಹೋಗುತ್ತವೆ, ಸ್ಟಾರ್ಟಪ್‌ನಲ್ಲಿ ಬರೆದಿಡಿ.

ಕೊಪ್ಪಳದ_ಮೇಷ್ಟ್ರು

ಒಂದು ಅನುಮಾನ. ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ಅರೇ ಚೆಕ್ ತಾನಾಗಿ ಓಡಬೇಕಲ್ವಾ? ಹಾಗಿದ್ದರೆ ಎಸ್‌ಡಿಬಿ ರೋಗ ಮುಂಚೆಯೇ ಗೊತ್ತಾಗಬೇಕಿತ್ತು.

ಸ್ಟುಡಿಯೋ_ರಾಯಚೂರು

ಸರ್, ಅದು ಮಧ್ಯರಾತ್ರಿ ದಾಟಿದ ಮೇಲೆ ಓಡುವ ಹಾಗಿದೆ. ಮಾಮಾ ರಾತ್ರಿ ಸ್ಟುಡಿಯೋ ಮುಚ್ಚುವಾಗ ಮೇನ್ ಸ್ವಿಚ್ಚೇ ಆರಿಸುತ್ತಾರೆ.

ಒಗ್ಗರಣೆ_ಮಿರ್ಚಿ

ಮೇನ್ ಸ್ವಿಚ್ಚಾ? ಶಟ್‌ಡೌನ್ ಕೊಡದೆ?

ಸ್ಟುಡಿಯೋ_ರಾಯಚೂರು

ಮೊದಲು ಶಟ್‌ಡೌನ್ ಕೊಡುತ್ತಾರೆ ಅಂತ ಹೇಳಿದರು. ನಾನು ಜಾಸ್ತಿ ಕೇಳಲಿಲ್ಲ.

ಕೆಂಪುಧೂಳು

ಚೆಕ್ಕನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿ. ಎಂಡಿಆಡಮ್ ಕಾನ್ಫಿಗ್‌ನಲ್ಲಿ ಮೇಲ್ ವಿಳಾಸ ಹಾಕಿ, ಮಾನಿಟರ್‌ಗೆ ಟೆಸ್ಟ್ ಮತ್ತು ಒನ್‌ಶಾಟ್ ಅಂತ ಕೊಟ್ಟು ಓಡಿಸಿ. ಮೇಲ್ ನಿಜವಾಗಿ ನಿಮ್ಮ ಫೋನಿಗೆ ಬರುತ್ತಾ ನೋಡಿ. ವಿಳಾಸ "ರೂಟ್" ಅಂತ ಬಿಟ್ಟರೆ ಅದು ಸರ್ವರ್ ಒಳಗೇ ಬಿದ್ದಿರುತ್ತೆ, ಯಾರೂ ಓದಲ್ಲ. ನಿಮ್ಮಲ್ಲಿ ಆಗಿರುವುದು ಅದೇ ಅಂತ ನನ್ನ ಅಂದಾಜು.

ಕೊಪ್ಪಳದ_ಮೇಷ್ಟ್ರು

ಹೇಗೂ ಎಲ್ಲ ಕಾಪಿ ಆದ ಮೇಲೆ ರೇಡ್ 5 ಬಿಟ್ಟುಬಿಡಿ ಅಂತ ನನ್ನ ಸಲಹೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಲೆಕ್ಕ ಹಾಕಿದಾಗ ಅವರ ಉದಾಹರಣೆಯ ಚಿಕ್ಕ ಡಿಸ್ಕ್ 100 ಎಂಬಿಯದು. ಈಗ ಒಂದೊಂದು ಡಿಸ್ಕ್ ಅದರ 40,000 ಪಟ್ಟು. ಅಷ್ಟನ್ನು ತಪ್ಪಿಲ್ಲದೆ ಓದಿದರೆ ಮಾತ್ರ ರೀಬಿಲ್ಡ್ ಆಗುವುದು. ಸಾಮಾನ್ಯ ಡಿಸ್ಕ್‌ನ ಕಾಗದದ ಮೇಲೆ 10ರ 14ನೇ ಘಾತದಷ್ಟು ಬಿಟ್‌ಗೆ ಒಂದು ತಪ್ಪು ಅಂತ ಬರೆದಿರುತ್ತಾರೆ. ಅಂದರೆ 12.5 ಟಿಬಿಗೆ ಒಂದು. ನಿಮ್ಮ ರೀಬಿಲ್ಡ್ ಮೂರು ಡಿಸ್ಕ್ ಸೇರಿ 12 ಟಿಬಿ ಓದುತ್ತೆ.

ಕೆಂಪುಧೂಳು

ಆ ಲೆಕ್ಕ ಎಲ್ಲರೂ ಹೇಳುತ್ತಾರೆ ಮೇಷ್ಟ್ರೇ. ಕಾಗದದ ಮೇಲಿರುವುದು ಗರಿಷ್ಠ ಮಿತಿ. ನಿಜದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತವೆ. ಹಾಗಿಲ್ಲದಿದ್ದರೆ ತಿಂಗಳ ಚೆಕ್‌ನಲ್ಲಿ ಪ್ರತಿ ಸಲ ತಪ್ಪು ಬರಬೇಕಿತ್ತು. ನನ್ನ ಸರ್ವರ್‌ಗಳಲ್ಲಿ ಬರಲ್ಲ. ಕೊಲ್ಲುವುದು ಆ ಲೆಕ್ಕ ಅಲ್ಲ, ಒಬ್ಬರೂ ತಿಂಗಳುಗಟ್ಟಲೆ ನೋಡದೆ ಬಿಡುವುದು.

ಕೊಪ್ಪಳದ_ಮೇಷ್ಟ್ರು

ಸರಿ, ಆದರೂ ರೇಡ್ 6.

ಲಿಂಗಸುಗೂರಿನವಳು

ನಾಲ್ಕು ಡಿಸ್ಕ್‌ನಲ್ಲಿ ರೇಡ್ 6 ಮಾಡಿದರೆ ಸಿಗುವುದು 8 ಟಿಬಿ. ಅವರದು ಈಗಲೇ 7 ಇದೆ, ಒಂದು ಸೀಸನ್‌ಗೆ ತುಂಬುತ್ತೆ. ಸ್ಟುಡಿಯೋಗೆ ರೇಡ್ 5 ಜೊತೆ ನಿಜವಾದ ಬ್ಯಾಕಪ್ ಇದ್ದರೆ ನನಗೆ ಸಾಕು. ಕೊಟ್ಟು ಮುಗಿಸಿದ ಮದುವೆಗಳನ್ನು ಸರ್ವರ್‌ನಲ್ಲೇ ವರ್ಷಗಟ್ಟಲೆ ಇಡುವುದೂ ಬೇಡ.

ಸ್ಟುಡಿಯೋ_ರಾಯಚೂರು (ಶುಕ್ರವಾರ)

ರೀಪ್ಲೇಸ್ ಮುಗಿಯಿತು. ಎಸ್‌ಡಿಬಿ ಹೊರಗೆ. ಆಮೇಲೆ ಚೆಕ್ ಓಡಿಸಿದೆ, ಮಿಸ್‌ಮ್ಯಾಚ್ ಸೊನ್ನೆ. ಟೆಸ್ಟ್ ಮೇಲ್ ಮಾಮಾ ಫೋನಿಗೂ ಬಂತು. "ಇದೇನು ಇಂಗ್ಲಿಷ್‌ನಲ್ಲಿ ಬಂದಿದೆ" ಅಂತ ನನಗೇ ಕಳಿಸಿದರು.

ಇನ್ನು ಆ ಎಸ್‌ಎಂಆರ್ ಡಿಸ್ಕ್ ಉಳಿದಿದೆ. ಮಾರಿಬಿಡಲಾ?

ಸೋನಾಮಸೂರಿ

ಯಾಕೆ ಮಾರುತ್ತೀರಿ? ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬ್ಯಾಕಪ್‌ಗೆ ಇಡಿ. ಒಮ್ಮೆ ಬರೆದು ಇಡುವ ಕೆಲಸಕ್ಕೆ ಎಸ್‌ಎಂಆರ್ ಏನೂ ತೊಂದರೆ ಇಲ್ಲ. 8 ಟಿಬಿಯದು ಸ್ಟುಡಿಯೋದಲ್ಲಿ, ಇದು ಮನೆಯಲ್ಲಿ. ಆ ವರ್ಷದ ಮದುವೆಗಳು ಮಾತ್ರ ಇದರಲ್ಲಿ.

ಸ್ಟುಡಿಯೋ_ರಾಯಚೂರು

ಫಾರ್ಮ್ಯಾಟ್ ಯಾವುದು ಕೊಡಲಿ ಅಣ್ಣಾ? ಎಡಿಟಿಂಗ್ ಪಿಸಿಗಳೆಲ್ಲ ವಿಂಡೋಸ್.

ಸೋನಾಮಸೂರಿ

ಹಾಗಾದರೆ ಎನ್‌ಟಿಎಫ್‌ಎಸ್. ಸರ್ವರ್ ಕೆಟ್ಟ ದಿನ ನೇರ ಪಿಸಿಗೆ ಸಿಕ್ಕಿಸಿ ಎಡಿಟಿಂಗ್ ಮುಂದುವರಿಸಬಹುದು. ಎಕ್ಸ್‌ಫ್ಯಾಟ್ ಬೇಡ, ಅದರಲ್ಲಿ ಜರ್ನಲ್ (ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಬರೆಯುವಾಗ ಕೇಬಲ್ ಕಿತ್ತರೆ ಫೋಲ್ಡರ್‌ಗಳೇ ಮಾಯ ಆಗಬಹುದು.